ಬೀರು ಬೇಡ, ಬಟ್ಟೆ ಒಣಗುವ ತಂತಿ ನೋಡಿ

ಓದುಗರ ಪತ್ರ, ಸಂಕ್ಷಿಪ್ತವಾಗಿ:

"ನಾನು ಶಿಡ್ಲಘಟ್ಟದವಳು. ದೇವನಹಳ್ಳಿ ಹತ್ತಿರದ ಕಚೇರಿಯೊಂದಕ್ಕೆ ಸೇರಿ ಕೆಲವು ತಿಂಗಳಾಯಿತು. ಹೊಸಬರ ಪರಿಚಯದ ದಿನ ಎಲ್ಲರಿಗೂ ಒಂದೇ ಪ್ರಶ್ನೆ ಇಟ್ಟಿದ್ದರು: ನಿಮ್ಮ ಸ್ಟೈಲನ್ನು ಒಂದು ವಾಕ್ಯದಲ್ಲಿ ಹೇಳಿ. ಒಬ್ಬರು ಮಿನಿಮಲ್ ಅಂದರು, ಒಬ್ಬರು ಬೋಹೋ, ಇನ್ನೊಬ್ಬರು ಕ್ಲಾಸಿಕ್. ನನ್ನ ಸರದಿ ಬಂದಾಗ ಮಾತೇ ಹೊರಡಲಿಲ್ಲ. ಪಕ್ಕದವರು 'ಇವರದು ಊರ ಕಡೆ ಸಿಂಪಲ್ ಸ್ಟೈಲ್' ಅಂತ ನನ್ನ ಪರವಾಗಿ ಹೇಳಿ ಮುಗಿಸಿದರು. ಆಮೇಲೆ 'ರೇಷ್ಮೆ ಊರಿನವರು, ರೇಷ್ಮೆ ಉಡಲ್ವಾ?' ಅಂತಲೂ ಕೇಳಿದರು. ನಮ್ಮಮ್ಮ ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಘಟಕಕ್ಕೆ ಕೆಲಸಕ್ಕೆ ಹೋಗುತ್ತಾರೆ. ನಾನು ದಿನಾ ಹಾಕುವುದು ನಮ್ಮೂರ ಟೈಲರ್ ಹೊಲಿದ ಹತ್ತಿ ಕುರ್ತಾ. ಎರಡೂ ಕಡೆ ಜೇಬು ಇಡಿಸುತ್ತೇನೆ. ಬಸ್ಸಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ವೇಲ್ ಬಿಟ್ಟಿದ್ದೇನೆ. ಅಮ್ಮನ ಹಳೇ ಸೀರೆಗಳ ಅಂಚು ತೆಗೆದು ತೋಳಿಗೆ ಹಾಕಿಸುತ್ತೇನೆ. ಇದಕ್ಕೆ ಒಂದು ವಾಕ್ಯ ಹೇಗೆ ಮಾಡಿಕೊಳ್ಳುವುದು? ಅದರಲ್ಲಿ ನನ್ನ ಊರು ಬರಬೇಕಾ, ಬೇಡವಾ? ಮುಂದಿನ ತಿಂಗಳು ಕಚೇರಿಯಲ್ಲಿ ಸಾಂಪ್ರದಾಯಿಕ ಉಡುಗೆಯ ದಿನ ಇದೆ. ಅಮ್ಮನ ಮದುವೆ ಸೀರೆ ಉಡಲಾ, ಹೊಸದು ತೆಗೆದುಕೊಳ್ಳಲಾ? ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಪ್ರಿಯ ಓದುಗರೆ,

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ಸುಮ್ಮನಾದದ್ದಲ್ಲ, ನಿಮ್ಮ ವಾಕ್ಯವನ್ನು ಇನ್ನೊಬ್ಬರು ಹೇಳಿ ಮುಗಿಸಿದ್ದು. ಅವರಲ್ಲಿ ಕೆಟ್ಟ ಮನಸ್ಸು ಇತ್ತು ಎಂದು ನೀವೂ ಬರೆದಿಲ್ಲ, ನಾನೂ ಹೇಳುವುದಿಲ್ಲ. ಆದರೂ ಅದು ನೋಯುತ್ತದೆ, ನೋಯಬೇಕಾದದ್ದೇ. ಬೆಳಿಗ್ಗೆ ಎದ್ದು ಏನು ತೊಡಬೇಕೆಂದು ತೀರ್ಮಾನಿಸಿದವರು ನೀವು. ಆ ತೀರ್ಮಾನದ ಹಿಂದಿನ ಲೆಕ್ಕಾಚಾರ ಗೊತ್ತಿರುವವರೂ ನೀವೊಬ್ಬರೇ. 'ಊರ ಕಡೆ ಸಿಂಪಲ್' ಎಂಬ ಎರಡು ಮಾತಿನಲ್ಲಿ ಆ ಲೆಕ್ಕ ಪೂರ್ತಿ ಅಳಿಸಿಹೋಯಿತು. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದೇವೆ. ತಿನ್ನುವುದು ನಿನ್ನಿಷ್ಟ, ಉಡುವುದು ನೋಡುವವರ ಇಷ್ಟ ಎನ್ನುವ ಆ ಬುದ್ಧಿವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳ ವಿಷಯದಲ್ಲಂತೂ ಖಂಡಿತ ಒಪ್ಪುವುದಿಲ್ಲ. ಅವರ ಬಟ್ಟೆ ಅವರ ಆಯ್ಕೆಯಾಗುವ ವರ್ಷಗಳು ಎಷ್ಟು ಕಡಿಮೆ ಎಂದು ಲೆಕ್ಕ ಹಾಕಿ ನೋಡಿ. ಚಿಕ್ಕಂದಿನಲ್ಲಿ ಹಬ್ಬಕ್ಕೆ ಅಪ್ಪ ತಂದ ಪೀಸಿನಲ್ಲಿ ಅಕ್ಕತಂಗಿಯರಿಗೆಲ್ಲ ಒಂದೇ ಥರದ ಲಂಗ. ಶಾಲೆಗೆ ಹೋದರೆ ಸಮವಸ್ತ್ರ. ಕಾಲೇಜಿಗೆ ಬಂದರೆ ವೇಲ್ ಹೇಗೆ ಪಿನ್ ಮಾಡಬೇಕು ಎಂಬ ನಿಯಮ. ಮದುವೆಯಾದರೆ ಅತ್ತೆಮನೆಯ ರೂಢಿ. ಗಂಡ ತೀರಿಕೊಂಡರೆ ಯಾವ ಬಣ್ಣ ಬಿಡಬೇಕು ಎಂದು ಹೇಳುವವರು ಇನ್ಯಾರೋ. ಈ ನಡುವೆ ಸ್ವಂತ ದುಡಿಮೆ, ಸ್ವಂತ ತೀರ್ಮಾನ ಎಂದು ಸಿಗುವ ಕಾಲವೇ ಈಗ ನೀವಿರುವ ಕಾಲ. ಇಲ್ಲಿ ನಿಮ್ಮ ಬಟ್ಟೆಯ ಬಗ್ಗೆ ನಿಮ್ಮದೇ ಒಂದು ವಾಕ್ಯ ಇರುವುದು ಸಣ್ಣ ಸಂಗತಿಯಲ್ಲ.

ಹಾಗಾದರೆ ಅದನ್ನು ಹುಡುಕುವುದು ಎಲ್ಲಿ? ಬೀರುವಿನಲ್ಲಲ್ಲ. ಬೀರುವಿನಲ್ಲಿ ಆಸೆಗಳಿರುತ್ತವೆ: ಯಾರೋ ಉಡುಗೊರೆ ಕೊಟ್ಟದ್ದು, ರಿಯಾಯಿತಿಯಲ್ಲಿ ಸಿಕ್ಕಿತೆಂದು ತಂದದ್ದು, ಸಣ್ಣಗಾದ ಮೇಲೆ ಹಾಕೋಣವೆಂದು ಎತ್ತಿಟ್ಟದ್ದು. ಮನೆಯ ಹಿತ್ತಲಲ್ಲೋ ತಾರಸಿ ಮೇಲೋ ಬಟ್ಟೆ ಒಣಹಾಕುವ ತಂತಿ ಇದೆಯಲ್ಲ, ಅದನ್ನು ಕೆಲವು ವಾರ ಗಮನಿಸಿ. ಮತ್ತೆ ಮತ್ತೆ ಅಲ್ಲಿಗೆ ಬರುವ ಬಟ್ಟೆ ಯಾವುದು? ಅದರ ಬಣ್ಣ, ಉದ್ದ, ತೋಳು ಎಂಥದು? ನೀವು ನಿಜವಾಗಿ ಬದುಕುತ್ತಿರುವುದು ಆ ಬಟ್ಟೆಗಳೊಳಗೆ. ವಾಕ್ಯದ ಕಚ್ಚಾ ಮಾಲು ಅಲ್ಲೇ ಇದೆ.

ಅಮೆರಿಕದ ಸ್ಟೈಲಿಸ್ಟ್ ಆಲಿಸನ್ ಬೋರ್ನ್‌ಸ್ಟೀನ್ ಎಂಬುವರು ಇದಕ್ಕೆ ಮೂರು ಪದಗಳ ವಿಧಾನವೊಂದನ್ನು ಪ್ರಚಾರಕ್ಕೆ ತಂದಿದ್ದಾರೆ. ಈಗಾಗಲೇ ಹೆಚ್ಚು ತೊಡುವ ಬಟ್ಟೆಯಿಂದ ಒಂದು ಪದ, ಹೇಗೆ ಕಾಣಬೇಕೆಂಬ ಆಸೆಯಿಂದ ಒಂದು, ತೊಟ್ಟಾಗ ಮನಸ್ಸಿಗೆ ಏನನ್ನಿಸಬೇಕು ಎಂಬುದಕ್ಕೆ ಒಂದು. ನಿಮ್ಮ ಕಚೇರಿಯ ಪ್ರಶ್ನೆಯೂ ಇಂಥ ಯಾವುದೋ ಕಡೆಯಿಂದ ಬಂದಿರಬಹುದು. ಮೊದಲ ಮತ್ತು ಮೂರನೆಯ ಪದ ನನಗೆ ಇಷ್ಟ. ಎರಡನೆಯದರ ಬಗ್ಗೆ ಎಚ್ಚರ ಬೇಕು. ಆಸೆಯ ಪದ ಬಹಳ ಬೇಗ ನಮ್ಮನ್ನು ಅಂಗಡಿಗೆ ಕರೆದೊಯ್ಯುತ್ತದೆ, ಮೊದಲ ಸಂಬಳದ ದಿನಗಳಲ್ಲಂತೂ ಇನ್ನೂ ಬೇಗ.

ಅದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಮಿನಿಮಲ್, ಬೋಹೋ, ಕ್ಲಾಸಿಕ್ ಎಲ್ಲವೂ ಗುಣ ಹೇಳುವ ಪದಗಳು. ಅವು ನೋಡುವವರ ಕಣ್ಣಿನಿಂದ ಹುಟ್ಟಿದವು. ನಿಮ್ಮ ವಾಕ್ಯಕ್ಕೆ ಬೇಕಾದದ್ದು ಕ್ರಿಯಾಪದ. ನಿಮ್ಮ ಬಟ್ಟೆ ಏನು ಮಾಡುತ್ತದೆ, ಅದರೊಳಗೆ ನೀವು ಏನು ಮಾಡುತ್ತೀರಿ? ನಮ್ಮ ಪಕ್ಕದ ವಿಜಯಪುರದ ಮೇಲೆ ದೇವನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಲ್ಲುತ್ತೀರಿ. ಇನ್ನೊಂದು ಕೈ ಚಿಲ್ಲರೆಗೋ ಫೋನಿಗೋ ಜೇಬಿಗೆ ಹೋಗಬೇಕು. ಜೇಬು ನಿಮ್ಮ ಸ್ಟೈಲಿನ ಭಾಗ, ವೇಲ್ ಬಿಟ್ಟದ್ದೂ ಅಷ್ಟೇ. ಇದನ್ನು ಸಿಂಪಲ್ ಎಂದು ಕರೆದವರಿಗೆ ಆ ಜೇಬು ಕಂಡೇ ಇಲ್ಲ.

ಕೆಲಸದಿಂದ ಹುಟ್ಟಿದ ಸ್ಟೈಲ್ ಎಷ್ಟು ಗಟ್ಟಿಯಾಗಿರುತ್ತದೆ ನೋಡಬೇಕಾದರೆ ಚಿಂತಾಮಣಿ, ಶ್ರೀನಿವಾಸಪುರ, ಕೋಲಾರದ ಟೊಮೆಟೊ ತೋಟಗಳಿಗೆ ಕೊಯ್ಲಿನ ಹೊತ್ತಿಗೆ ಹೋಗಿ. ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಶರ್ಟು, ಗುಂಡಿ ಹಾಕಿದ್ದು. ತಲೆಗೆ ಟವಲು. ಸೀರೆಯ ನೆರಿಗೆ ಮೇಲಕ್ಕೆತ್ತಿ ಸಿಕ್ಕಿಸಿದ್ದು. ಬಿಸಿಲಿನಿಂದ ತೋಳು ಉಳಿಯಬೇಕು, ಟೊಮೆಟೊ ಗಿಡದ ಹಸಿರು ಅಂಟು ರವಿಕೆಗೆ ಹತ್ತಬಾರದು, ಸೆರಗು ಬಳ್ಳಿ ಕಟ್ಟಿದ ಕೋಲಿಗೆ ಸಿಕ್ಕಬಾರದು. ಯಾವ ಅಂಗಡಿಯ ಗೊಂಬೆಗೂ ಹೀಗೆ ಉಡಿಸಿದ್ದು ನಾನು ನೋಡಿಲ್ಲ. ಆದರೂ ನಮ್ಮ ಕಡೆಯ ಜಿಲ್ಲೆಗಳಲ್ಲಿ ದಿನನಿತ್ಯ ಕಣ್ಣಿಗೆ ಬೀಳುವ ಅತ್ಯಂತ ಖಚಿತವಾದ ಉಡುಗೆ ಇದೇ ಎಂಬುದು ನನ್ನ ಅಭಿಪ್ರಾಯ. ಅದರ ಒಂದೊಂದು ಭಾಗಕ್ಕೂ ಕಾರಣವಿದೆ. ಕಾರಣ ಕೇಳಿದರೆ ಆ ಹೆಂಗಸರು ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ನಿಮ್ಮ ಅಮ್ಮನ ಉಡುಗೆಗೂ ಅಂಥದೇ ಕಾರಣಗಳಿರುತ್ತವೆ. ಗೂಡು ಬೇಯುವ ಬಿಸಿನೀರು, ಹಬೆ, ಇಡೀ ದಿನ ಒದ್ದೆಯಾಗುವ ಮಡಿಲು. 'ರೇಷ್ಮೆ ಊರಿನವರು, ರೇಷ್ಮೆ ಉಡಲ್ವಾ' ಎಂದು ಕೇಳಿದವರಿಗೆ ಈ ಕೆಲಸ ಗೊತ್ತಿಲ್ಲ, ಅಷ್ಟೇ. ದ್ವಿತಳಿ ಎಂಬ ಜಾತಿಯ ಒಳ್ಳೆಯ ರೇಷ್ಮೆಗೂಡೊಂದರ ಎಳೆ ಬಿಚ್ಚಿದರೆ ಒಂದು ಕಿಲೋಮೀಟರ್ ದಾಟುತ್ತದೆ. ಒಂದು ಕಿಲೋ ನೂಲಿಗೆ ಏಳು ಕಿಲೋ ಆಸುಪಾಸು ಗೂಡು ಬೇಕು. ಹಾಗೆ ಬಂದ ಕಚ್ಚಾ ನೂಲಿಗೆ ಇನ್ನೂ ಹೊಳಪಿರುವುದಿಲ್ಲ. ತೂಕದ ಕಾಲು ಭಾಗದಷ್ಟು ಸೆರಿಸಿನ್ ಎಂಬ ಅಂಟು ಅದರ ಮೇಲಿರುತ್ತದೆ. ಆ ಅಂಟನ್ನು ಕುದಿಸಿ ತೆಗೆದ ಮೇಲೇ ಮಿನುಗು, ಬಣ್ಣ ಎಲ್ಲ. ಶಿಡ್ಲಘಟ್ಟದ ನೂಲು ಕಂಚಿಗೋ ಧರ್ಮಾವರಕ್ಕೋ ಹೋಗಿ ಸೀರೆಯಾಗುತ್ತದೆ. ಹೊಳಪು ಬರುವುದಕ್ಕೆ ಮೊದಲೇ ಆ ನೂಲು ನಿಮ್ಮ ಅಮ್ಮನ ಕೈ ದಾಟಿ ಹೋಗಿರುತ್ತದೆ. ಒದ್ದೆ ಕೆಲಸಕ್ಕೆ ಪಾಲಿಯೆಸ್ಟರ್ ಸೀರೆ ಉಡುವವರನ್ನು ಕಂಡು ಮೂಗು ಮುರಿಯುವವರಿದ್ದಾರೆ. ಹತ್ತಿ ಬರೀ ಗಾಳಿಯಿಂದಲೇ ತನ್ನ ತೂಕದ ನೂರಕ್ಕೆ 8ರಷ್ಟು ತೇವ ಹಿಡಿಯುತ್ತದೆ, ಪಾಲಿಯೆಸ್ಟರ್ ನೂರಕ್ಕೆ ಅರ್ಧವೂ ಹಿಡಿಯುವುದಿಲ್ಲ. ಸಂಜೆ ಮನೆಗೆ ಹೋಗುವ ಹೊತ್ತಿಗೆ ಸೀರೆ ಒಣಗಿರಬೇಕೆನ್ನುವವರ ಆಯ್ಕೆ ಅದು, ತಿಳಿದು ಮಾಡಿದ ಆಯ್ಕೆ.

ಇಲ್ಲಿಗೆ ನಿಮ್ಮ ಎರಡನೆಯ ಪ್ರಶ್ನೆಯೂ ಬಂತು. ವಾಕ್ಯದಲ್ಲಿ ಊರು ಬರಬೇಕೇ? ಊರಿನ ಹೆಸರು ಬರಬೇಕಾಗಿಲ್ಲ. ಊರು ಬಂದೇ ಬರುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನ ಧೂಳು ಪ್ಯಾಂಟಿನ ಅಂಚಿಗೆ ಹತ್ತುವ ರೀತಿ ನಿಮಗೆ ಗೊತ್ತು. ಬೋರ್‌ವೆಲ್ ನೀರು ಇನ್ನೊಂದು. ಗಡಸಾದ ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಜಿಗುಟು ಗಷ್ಟಾಗಿ ಎಳೆಗಳಲ್ಲಿ ಕೂರುತ್ತದೆ. ಬಿಳಿ ಬಟ್ಟೆ ಕೆಲವೇ ಒಗೆತಕ್ಕೆ ಮಂಕಾಗುತ್ತದೆ, ಹತ್ತಿ ಒರಟಾಗುತ್ತದೆ. ಅದಕ್ಕೇ ಇರಬೇಕು, ನಮ್ಮ ಕಡೆ ದಿನದ ಬಳಕೆಗೆ ಕಂದು, ಗಾಢ ಹಸಿರು, ಕುಂಕುಮ, ಸಾಸಿವೆ ಬಣ್ಣಗಳನ್ನು ಆರಿಸುವವರು ಹೆಚ್ಚು ಕಾಣುತ್ತಾರೆ. ನಂದಿ ತಪ್ಪಲಿನ ಚಳಿಗಾಲದ ಬೆಳಗಿನಲ್ಲಿ ಆರು ಗಂಟೆಗೆ ಬಸ್ಸಿಗೆ ನಿಂತು, ಮಧ್ಯಾಹ್ನ ಬಿಸಿಲಿಗೆ ಬೆವರುವವರಿಗೆ ಮೇಲೊಂದು ತೆಗೆದಿಡಬಲ್ಲ ಪದರ ಬೇಕು. ಮಣ್ಣು, ನೀರು, ಚಳಿ, ಬಸ್ಸಿನ ಹೊತ್ತು: ನಿಮ್ಮ ವಾಕ್ಯದಲ್ಲಿ ಊರು ಬರುವುದು ಹೀಗೆ. 'ರೇಷ್ಮೆ ನಗರಿಯ ಹುಡುಗಿ' ಎಂಬ ಹಣೆಪಟ್ಟಿಯಾಗಿ ಬರಬೇಕಾದ ಅಗತ್ಯ ಇಲ್ಲ.

ಇನ್ನು, ವಾಕ್ಯ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನನ್ನ ಪರೀಕ್ಷೆ ಒಂದೇ. ಆ ವಾಕ್ಯ ಏನನ್ನಾದರೂ ಬೇಡ ಎನ್ನಬೇಕು. 'ನನ್ನದು ಸರಳವಾದ, ಆಧುನಿಕವಾದ, ಆದರೆ ಸಂಪ್ರದಾಯ ಬಿಡದ ಶೈಲಿ' ಎಂದು ಯಾರು ಬೇಕಾದರೂ ಹೇಳಬಹುದು. ಆ ವಾಕ್ಯ ಹಿಡಿದು ಬಟ್ಟೆ ಅಂಗಡಿಗೆ ಹೋದರೆ ಎಲ್ಲ ಬಟ್ಟೆಯೂ ಒಳಗೆ ಬರುತ್ತದೆ, ಯಾವುದೂ ಹೊರಗುಳಿಯುವುದಿಲ್ಲ. ಚೆನ್ನಾಗಿರುವ ವಾಕ್ಯ ತೂಬಿನ ಹಾಗೆ, ಎಷ್ಟು ಬಿಡಬೇಕು ಎಷ್ಟು ತಡೆಯಬೇಕು ಎಂಬುದು ಅದಕ್ಕೆ ಗೊತ್ತಿರುತ್ತದೆ.

ಈ ಪರೀಕ್ಷೆಗೆ ನಿಮ್ಮ ಊರ ಟೈಲರ್ ಅಂಗಡಿಗಿಂತ ಒಳ್ಳೆಯ ಜಾಗ ಇಲ್ಲ. ರೆಡಿಮೇಡ್ ಅಂಗಡಿ ಸೈಜು ಮಾತ್ರ ಕೇಳುತ್ತದೆ. ಟೈಲರ್ ಕೇಳುವ ಪ್ರಶ್ನೆಗಳೇ ಬೇರೆ. ಕತ್ತು ಎಷ್ಟು ಇಳಿಸಲಿ? ತೋಳು ಮೊಣಕೈವರೆಗೋ, ಮುಕ್ಕಾಲೋ? ಸೈಡ್ ಕಟ್ ಎಲ್ಲಿಂದ? ಲೈನಿಂಗ್ ಬೇಕಾ? ಜೇಬು ಒಂದು ಕಡೆಯೋ ಎರಡು ಕಡೆಯೋ? ಒಳಗೆ ಎಷ್ಟು ಬಟ್ಟೆ ಬಿಡಲಿ, ಆಮೇಲೆ ಬಿಚ್ಚಿ ಅಗಲ ಮಾಡೋ ಹಾಗೆ? ಅಳತೆ ಟೇಪು ಕತ್ತಿಗೆ ಹಾಕಿಕೊಂಡು, ಸೀಮೆಸುಣ್ಣ ಹಿಡಿದು ಅವರು ಕೇಳುತ್ತಾ ಹೋಗುವ ಒಂದೊಂದು ಪ್ರಶ್ನೆಗೂ ನಿಮ್ಮ ವಾಕ್ಯದಿಂದ ಉತ್ತರ ಸಿಗಬೇಕು. ಸಿಗದಿದ್ದರೆ ವಾಕ್ಯ ಇನ್ನೂ ಹಸಿ ಎಂದೇ ಅರ್ಥ. ಎರಡೂ ಕಡೆ ಜೇಬು, ತೋಳಿಗೆ ಅಮ್ಮನ ಸೀರೆಯ ಅಂಚು ಎಂದು ನೀವು ಹೇಳಿ ಹೊಲಿಸಿಕೊಂಡಿದ್ದೀರಿ. ಆ ಅಂಗಡಿಯಲ್ಲಿ ನಿಮಗೆ ಮಾತು ಹೊರಟಿದೆಯಲ್ಲ! ಕಚೇರಿಯಲ್ಲಿ ಹೇಳಬೇಕಾಗಿದ್ದುದೂ ಅದನ್ನೇ. ಅದು ಹೇಳಲು ತಕ್ಕ ಮಾತು ಎಂದು ನಿಮಗೆ ಯಾರೂ ತಿಳಿಸಿರಲಿಲ್ಲ.

ನಮ್ಮದೇ ಜಿಲ್ಲೆಯ ಇಬ್ಬರನ್ನು ನೆನೆಯುತ್ತೇನೆ. ಇಬ್ಬರ ಉಡುಗೆಯೂ ಪೂರ್ತಿ ಬೇರೆ, ಎರಡೂ ಅಷ್ಟೇ ಖಚಿತ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಯಾವ ಭಾವಚಿತ್ರ ನೆನಪಿಸಿಕೊಂಡರೂ ಸೂಟು, ಟೈ, ತಲೆಯ ಮೇಲೆ ಮೈಸೂರು ಪೇಟ. 1955ರಲ್ಲಿ ಭಾರತರತ್ನ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು, ಉಡುಗೆಯ ಅಚ್ಚುಕಟ್ಟು ಮಾತ್ರ ಸಡಿಲಿರಲಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರದು ಖಾದಿ ಪಂಚೆ, ಖಾದಿ ಜುಬ್ಬ, ಗಾಂಧಿ ಟೋಪಿ. ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಬಂದ ಮೇಲೂ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅದೇ. ಅವರಿಬ್ಬರು ತಮ್ಮ ಉಡುಗೆಯನ್ನು ಒಂದು ವಾಕ್ಯದಲ್ಲಿ ಹೇಗೆ ಹೇಳುತ್ತಿದ್ದರೋ, ನಾನು ಅವರ ಬಾಯಿಗೆ ಮಾತು ತುರುಕಲಾರೆ. ಆದರೆ ಇಬ್ಬರ ಉಡುಗೆಯೂ ಏನನ್ನು ಬೇಡವೆನ್ನುತ್ತಿತ್ತು ಎಂಬುದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಒಂದು ಅಸಡ್ಡೆಯನ್ನು, ಇನ್ನೊಂದು ಆಡಂಬರವನ್ನು.

ನಂದಿ ಬೆಟ್ಟದಲ್ಲಿ 1927ರಲ್ಲೂ 1936ರಲ್ಲೂ ವಿಶ್ರಾಂತಿಗೆಂದು ಬಂದು ಉಳಿದಿದ್ದ ಗಾಂಧೀಜಿ ಮೊಣಕಾಲುದ್ದದ ಪಂಚೆಗೆ ಇಳಿದದ್ದು 1921ರ ಸೆಪ್ಟೆಂಬರ್‌ನಲ್ಲಿ, ಮದುರೆಯಲ್ಲಿ. ಅದಕ್ಕೂ ಮೊದಲು ಅವರು ಲಂಡನ್ನಿನ ಸೂಟು ತೊಟ್ಟವರು, ಆಮೇಲೆ ಕಾಠಿಯಾವಾಡದ ಅಂಗಿ, ಪೇಟ ತೊಟ್ಟವರು. ಬದುಕು ಬದಲಾದಂತೆ ಅವರ ವಾಕ್ಯವೂ ಬದಲಾಯಿತು. ನಿಮ್ಮದೂ ಬದಲಾಗಲಿ. ಕೆಲಸ ಬದಲಾದಾಗ, ಮಗುವಾದಾಗ, ಮೊಣಕಾಲು ನೋಯಲು ಶುರುವಾದಾಗ ಮತ್ತೆ ಬರೆದುಕೊಳ್ಳಿ.

ಸರಿ, ನಿಮ್ಮ ಪತ್ರದಲ್ಲಿರುವುದನ್ನೇ ಹೆಕ್ಕಿ ಒಂದು ಕರಡು ಮಾಡಿದ್ದೇನೆ: 'ಬಸ್ಸಲ್ಲಿ ನಿಂತು ಹೋಗಿ ಬರೋಕೆ ಆಗೋ, ಕೆಂಪು ಮಣ್ಣಿಗೆ ಹೆದರದ, ಎರಡು ಜೇಬಿರೋ ಹತ್ತಿ ಬಟ್ಟೆ ಹೊಲಿಸಿ ಹಾಕ್ತೀನಿ, ಅದರ ಅಂಚು ಮಾತ್ರ ಅಮ್ಮನ ಸೀರೆಯದು.' ಇದು ಏನೇನನ್ನು ಬೇಡ ಎನ್ನುತ್ತದೆ ನೋಡಿ. ನೆಲಕ್ಕೆ ಎಳೆಯುವ ಉದ್ದ ಬೇಡ, ಜೇಬಿಲ್ಲದ್ದು ಬೇಡ, ಒಂದೇ ಒಗೆತಕ್ಕೆ ಕಳೆಗುಂದುವ ತಿಳಿ ಬಣ್ಣ ಬೇಡ. ಯಾರೂ ಇದನ್ನು ನಿಮ್ಮ ಪರವಾಗಿ ಹೇಳಲಾರರು, ಏಕೆಂದರೆ ಆ ಅಂಚಿನ ಸಂಗತಿ ನಿಮಗೆ ಮಾತ್ರ ಗೊತ್ತು. ಕರಡು ನನ್ನದು, ಆದ್ದರಿಂದ ಹೀಗೇ ಒಪ್ಪಿಸಬೇಡಿ. ನಿಮ್ಮ ಬಾಯಿಗೆ ಬರುವ ಹಾಗೆ ತಿದ್ದಿ. ಹತ್ತಿ ಎಂಬುದಕ್ಕಿಂತ ಬಣ್ಣ ಮುಖ್ಯ ಅನ್ನಿಸಿದರೆ ಬಣ್ಣ ಹಾಕಿ. ಇಂಗ್ಲಿಷಿನಲ್ಲೇ ಹೇಳಬೇಕಾಗಿ ಬಂದರೂ ಮೊದಲು ಕನ್ನಡದಲ್ಲಿ ಕಟ್ಟಿಕೊಳ್ಳಿ. ಅಳತೆ ಕೊಡುವಾಗ ನೀವು ಆಡುವುದು ಈ ಮಾತಿನಲ್ಲೇ ಅಲ್ಲವೇ?

ಕೊನೆಗೆ ಸೀರೆಯ ವಿಷಯ. ಅಮ್ಮ ಒಪ್ಪಿದರೆ ಅವರ ಮದುವೆ ಸೀರೆಯನ್ನೇ ಉಡಿ, ಹೊಸದಕ್ಕೆ ದುಡ್ಡು ಹಾಕಬೇಡಿ. ಆದರೆ ಆ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ತೆಗೆಯಬೇಡಿ. ಈ ಭಾನುವಾರವೇ ತೆಗೆದು ಚಾಪೆಯ ಮೇಲೆ ಪೂರ್ತಿ ಬಿಚ್ಚಿ ಹಾಸಿ. ಹಳೆಯ ರೇಷ್ಮೆ ಸೀಳುವುದು ಬಹುಮಟ್ಟಿಗೆ ವರ್ಷಗಟ್ಟಲೆ ಒಂದೇ ಕಡೆ ಇದ್ದ ಮಡಿಕೆಯ ಗೆರೆಯಲ್ಲಿ, ಅದರಲ್ಲೂ ಜರಿ ಇರುವ ಕಡೆ. ಆ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ತೆಳುವಾಗಿ ಬೆಳಕು ತೂರಿ ಬರುತ್ತಿದ್ದರೆ ಒಳಗಡೆಯಿಂದ ತೆಳ್ಳನೆಯ ಬಟ್ಟೆಯ ಪಟ್ಟಿ ಕೊಟ್ಟು ಹೊಲಿಯಲು ನಿಮ್ಮ ಟೈಲರ್‌ಗೇ ಹೇಳಿ. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಯಾಡಿಸಿದರೆ ಸಾಕು. ಅಸಲಿ ಜರಿಯಾದರೆ ಅದರೊಳಗೆ ಬೆಳ್ಳಿ ಇರುತ್ತದೆ, ಆದ್ದರಿಂದ ಸೆಂಟು ನೇರ ಅದರ ಮೇಲೆ ಬೀಳದಿರಲಿ, ನುಸಿಗುಳಿಗೆಯೂ ತಾಗದಿರಲಿ. ನೆರಿಗೆಗೆ ಪಿನ್ ಹಾಕುವಾಗ ಜರಿ ಅಂಚನ್ನು ಬಿಟ್ಟು ಹಾಕಿ, ಹೆಗಲ ಮೇಲೆ ಪಿನ್ನಿನ ಕೆಳಗೆ ಸಣ್ಣ ಬಟ್ಟೆಯ ತುಂಡು ಇಟ್ಟುಕೊಳ್ಳಿ. ಆ ದಿನ ಬಸ್ಸು ತುಂಬಿದ್ದರೆ ಮುಂದಿನ ಬಸ್ಸಿಗೆ ಕಾಯಿರಿ. ರವಿಕೆ ಈಗಿನ ಅಳತೆಗೆ ಹೊಸದಾಗಿ ಹೊಲಿಸಿ, ಅಮ್ಮನ ಹಳೆಯ ರವಿಕೆಯನ್ನು ಬಿಚ್ಚಿ ದೊಡ್ಡದು ಮಾಡಲು ಹೋಗಬೇಡಿ. ತಿರುಗಿ ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಒಗೆದ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಮಡಿಕೆಯ ಗೆರೆ ಬದಲಾಯಿಸಿ ಮಡಿಸಿ.

ವಿಶ್ವಾಸದೊಂದಿಗೆ,
ಸಂಪಾದಕ